ಹಮ್ ಐತೇನ್ರಿ, ಭಾಯ್?

ವಾಲ್ವಿನ ಆಂಪ್ಲಿಫೈಯರ್ ಇದ್ದಲ್ಲಿ ಒಂದಿಲ್ಲೊಂದು ಫಜೀತಿ ಆಗುತ್ತಲೇ ಇರುತ್ತದೆ. ಅದನ್ನು ನೋಡುವ ಮೆಕ್ಯಾನಿಕ್ಕಿನ ಕಿವಿಯೂ ಕೆಟ್ಟಿದ್ದರೆ ಕೇಳುವುದೇ ಬೇಡ.

ಕೊಟ್ಟೂರಿನಲ್ಲಿ ನನ್ನದು ಮೈಕ್‌ಸೆಟ್ ರಿಪೇರಿ ಅಂಗಡಿ. ಮೂವತ್ತು ವರ್ಷ ಮದುವೆ, ನಾಟಕ, ಆರ್ಕೆಸ್ಟ್ರಾ ಅಂತ ಸ್ಪೀಕರುಗಳ ಪಕ್ಕದಲ್ಲೇ ನಿಂತು ಕಿವಿ ಸವೆಸಿಕೊಂಡೆ. ಎರಡು ವರ್ಷದಿಂದ ಸಣ್ಣ ಸದ್ದು ಕೇಳಿಸುವುದಿಲ್ಲ. ಇದನ್ನು ಹೆಂಡತಿಗೂ ಹೇಳಿರಲಿಲ್ಲ. ಕಿವುಡನ ಕೈಗೆ ಸದ್ದಿನ ಕೆಲಸ ಯಾರು ಕೊಡುತ್ತಾರೆ? ಇದು ಬಿಟ್ಟರೆ ನನಗೆ ಬೇರೆ ಕೆಲಸ ಬರುವುದಿಲ್ಲ. ಆ ಹೆದರಿಕೆ ಊಟಕ್ಕೆ ಕೂತರೂ ನನ್ನ ಜೊತೆಗೇ ಇತ್ತು.

ಅಂಥ ಹೊತ್ತಿಗೆ ಹಗರಿಬೊಮ್ಮನಹಳ್ಳಿಯ ಒಬ್ಬ ಟೇಲರ್ ಹೊಸ ಗಿಟಾರ್ ಆಂಪ್ ತರಿಸಿದ. ಅಂಗಡಿಯಲ್ಲಿ ಅಂಗಿ ಹೊಲಿಯುತ್ತ, ಮದುವೆಗಳಲ್ಲಿ ಗಿಟಾರ್ ಬಾರಿಸುವ ಮನುಷ್ಯ. ಆಂಪಿನೊಳಗೆ ಹಳೇ ರೇಡಿಯೊದಲ್ಲಿದ್ದಂಥ ಗಾಜಿನ ವಾಲ್ವುಗಳು. ಅಪ್ಪನ ಕಾಲದ ರೇಡಿಯೊ ಬಿಚ್ಚಿ ವಾಲ್ವು ಕಲಿತವನು ಈ ಸುತ್ತಿನಲ್ಲಿ ನಾನೊಬ್ಬನೇ ಉಳಿದಿದ್ದೆ.

೧. ಕಾಯಬೇಕು

ಮೊದಲ ದಿನವೇ ಅವನು ಬಸ್ಸು ಹಿಡಿದು ನನ್ನ ಅಂಗಡಿಗೆ ಓಡಿಬಂದ. "ಭಾಯ್, ಸತ್ತೈತ್ರಿ! ಸ್ವಿಚ್ ಹಾಕಿದ್ರ ಉಸುರಿಲ್ಲ."

"ಸತ್ತಿಲ್ಲಪಾ. ವಾಲ್ವಿಂದು ಹಂಗ. ಕಾಯಬೇಕು, ಆಮ್ಯಾಲ ಸದ್ದು ಬರ್ತೈತಿ," ಅಂದೆ.

ಮರುದಿನ ಮತ್ತೆ ಬಂದ, ಮುಖ ಇಳಿಬಿಟ್ಟುಕೊಂಡು. "ಒಂದು ತಾಸು ಕಾದ್ನ್ರಿ. ಏನೂ ಇಲ್ಲ."

ನಾನೂ ಗಾಬರಿಯಾಗಿ ಕೇಳಿದೆ: "ಒಳಗ ವಾಲ್ವು ಕೆಂಪಗಾದ್ವೇನು?"

"ಹೆಂಗಾಗ್ತಾವ್ರಿ? ಸ್ವಿಚ್ ಆಫ್ ಮಾಡಿ ಎದುರಿಗೆ ಕುಂತಿದ್ನಲ್ರಿ."

ಕಾಯಬೇಕಾದದ್ದು ವಾಲ್ವು. ಕಾದದ್ದು ಅವನು.

೨. ಹಮ್ಮು

ಯಾರೂ ಬಾರಿಸದಿದ್ದಾಗಲೂ ಸ್ಪೀಕರಿನಿಂದ ಗುಂಯ್ ಅಂತ ಬರುವ ಸದ್ದಿಗೆ ನಮ್ಮ ಕಸುಬಿನಲ್ಲಿ ಹಮ್ ಅನ್ನುತ್ತೇವೆ. ವಾಲ್ವಿನ ಆಂಪಿಗೆ ಅದು ಸ್ವಲ್ಪ ಇದ್ದೇ ಇರುತ್ತದೆ. ಫೋನಿನ ಮಾತು ನನಗೆ ಅರ್ಧಂಬರ್ಧ ಕೇಳುತ್ತಿದ್ದುದರಿಂದ, ಕೈ ಹೊಲಸಾಗಿದೆ ಅಂತ ನೆಪ ಹೇಳಿ ಫೋನನ್ನು ಹೆಂಡತಿಗೇ ಕೊಡುತ್ತಿದ್ದೆ.

ಒಂದು ದಿನ ಟೇಲರ್ ಫೋನ್ ಮಾಡಿದ. "ಅಕ್ಕಾರ, ಭಾಯ್‌ಗೆ ಹೇಳ್ರಿ. ಹಮ್ ಬಾಳ ಐತಿ. ಹಿಂಗಾದ್ರ ನಾಕು ಮಂದ್ಯಾಗ ಹೆಂಗ ಕುಂದ್ರೋದು?"

"ಯಾರಿಗ್ರಿ ಹಮ್ಮು? ನಮ್ಮ ಮನಿಯವ್ರು ಎಲ್ರಿಗೂ ತಾವ ಮೊದ್ಲು ಕೈ ಮುಗಿಯೋ ಮನಷ್ಯಾ!"

"ಅಲ್ರಿ ಅಕ್ಕಾರ, ಹೊಸಾದು ಬಂದಾಗಿಂದ ಐತಿ. ಭಾಯ್‌ಗೂ ಗೊತ್ತೈತಿ."

"ಹೊಸಾದು? ಯಾವ ಹೊಸಾದು?"

ಫೋನ್ ಕುಕ್ಕಿದಳು. ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಅವಳು ಮಾತು ಬಿಟ್ಟಿದ್ದಾಳೆಂದು ನನಗೆ ಗೊತ್ತಾದದ್ದು ಎರಡನೇ ದಿನ ಸಂಜೆ. ಅದನ್ನು ನೆನೆದರೆ ನಗು ಬರುತ್ತದೆ, ಸಂಕಟವೂ ಆಗುತ್ತದೆ.

೩. ಘಾಟು

ವಾಲ್ವಿನ ಗಾಜಿನೊಳಗೆ ಒಮ್ಮೊಮ್ಮೆ ನೀಲಿ ಬೆಳಕು ಆಡುತ್ತದೆ. ಅದೂ ರೋಗವಲ್ಲ. ಆದರೆ ಟೇಲರನ ತಾಯಿ ಅದನ್ನು ಕಂಡು, ಹೊಸ ವಸ್ತುವಿಗೆ ದೃಷ್ಟಿ ತಾಗಿದೆ ಅಂತ ಒಣಮೆಣಸಿನಕಾಯಿ ಪೋಣಿಸಿ ಆಂಪಿನ ಹಿಂದೆ ಕಟ್ಟಿದರು. ಸರ ಜಾರಿ ಒಳಗಿಳಿದು ಕಾದ ಗಾಜಿಗೆ ತಾಗಿತು. ನಾನು ನೋಡಲು ಹೋದಾಗ ಇಡೀ ಓಣಿ ಕೆಮ್ಮುತ್ತಿತ್ತು.

ಕಣ್ಣೊರೆಸಿಕೊಳ್ಳುತ್ತ ಸರ ಹೊರಗೆ ಎಳೆದೆ. ಟೇಲರ್ ವಾಲ್ವಿಗೆ ಪೆನ್ಸಿಲ್ಲಿನಿಂದ ತಟ್ಟಿ, "ಸ್ಪೀಕರಿನ್ಯಾಗ ಟಿಣ್ ಅಂತೈತಲ್ರಿ?" ಅಂದ. ನನಗೆ ಕೇಳಲಿಲ್ಲ. ಅವನ ಹುಬ್ಬು ಎಷ್ಟು ಮೇಲೇರಿತು ಅಂತ ನೋಡಿ ಸದ್ದನ್ನು ಅಂದಾಜು ಮಾಡಿ, "ಇಷ್ಟು ಇರ್ತೈತಿ ಬಿಡು," ಅಂದೆ. ಅಷ್ಟು ನಂಬಿದವನಿಗೆ ಮೋಸ ಮಾಡುತ್ತಿದ್ದೇನೆ ಅನಿಸಿ ತಲೆ ಎತ್ತಲಾಗಲಿಲ್ಲ.

ತಾಯಿ ಮಾತ್ರ ಕೆಮ್ಮುತ್ತಲೇ ನಿಶ್ಚಿಂತೆಯಾಗಿದ್ದರು. "ಇಷ್ಟು ಘಾಟು ಬಂತು ಅಂದ್ರ ದೃಷ್ಟಿ ತಾಗೇ ಇಲ್ಲ. ನಿಮ್ಮ ಮಷಿನ್ ಚೊಲೋ ಐತಿ, ಹೋಗ್ರಿ."

ನನಗಿಂತ ಅವರೇ ಸರಿಯಾಗಿ ಪರೀಕ್ಷೆ ಮಾಡಿದ್ದರು.

೪. ಸಿಕ್ಕ ಸದ್ದು

ಹರಪನಹಳ್ಳಿಯಲ್ಲಿ ದೊಡ್ಡ ಮದುವೆ ಒಪ್ಪಿಕೊಂಡಿದ್ದ ಟೇಲರ್, ಹಿಂದಿನ ದಿನ ಆಂಪ್ ಹೊತ್ತು ತಂದ. "ಒಮ್ಮೆ ಕೇಳಿ ನೋಡ್ರಿ, ಭಾಯ್."

ಸ್ಪೀಕರಿಗೆ ಕಿವಿ ಹಚ್ಚಿದೆ. ಗುಂಯ್!

ಎರಡು ವರ್ಷದ ಮೇಲೆ ಒಂದು ಸಣ್ಣ ಸದ್ದು ಕೇಳಿಸಿತ್ತು. ಕಣ್ಣಲ್ಲಿ ನೀರೇ ಬಂತು. "ಹಮ್ ಐತಲ್ಲಪಾ!" ಅಂತ ಕೂಗಿದೆ.

ಅವನು ನನ್ನ ಮುಖ ನೋಡಿದ. "ಐತ್ರಿ, ಭಾಯ್."

ಬಾಗಿಲ ಬಿಸಿಲಿಗೆ ಆಂಪ್ ಎಳೆದುಕೊಂಡು ಕೂತೆ. ವಾಲ್ವು ಬದಲಿಸಿದೆ, ವೈರು ಬದಲಿಸಿದೆ, ಅರ್ಥಿಂಗ್ ಬಿಗಿ ಮಾಡಿದೆ. ಒಂದೊಂದಕ್ಕೂ "ಇನ್ನೂ ಐತಿ" ಅಂದೆ. ಅವನೂ "ಐತ್ರಿ" ಅಂದ. ಊಟದ ಹೊತ್ತು ಮೀರಿತು. ಕೊನೆಗೆ ಹೆಂಡತಿ ಚಾ ತಂದಳು. ಸ್ವಲ್ಪ ಹೊತ್ತು ನಿಂತು ನೋಡಿ, ಹೆಗಲು ಮುಟ್ಟಿ, ಕಿವಿಯ ಹತ್ತಿರ ಬಂದು ಕೇಳಿದಳು:

"ಏನ್ ಹುಡುಕಾಕತ್ತೀರಿ?"

"ಹಮ್. ಗುಂಯ್ ಅನ್ನೋದು ನಿಂಗ ಕೇಳವಲ್ದೇನು?"

"ಕರೆಂಟು ಹೋಗಿ ಒಂದು ತಾಸಾತು."

ತಲೆ ಎತ್ತಿದೆ. ಫ್ಯಾನು ನಿಂತಿತ್ತು. ಗುಂಯ್ ಮಾತ್ರ ನಿಂತಿರಲಿಲ್ಲ. ಅದು ಆಂಪಿನದಲ್ಲ, ನನ್ನ ತಲೆಯದು. ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟೆ. ನನ್ನ ಕೆಲಸ ಮುಗಿಯಿತು ಅನ್ನಿಸಿತು.

"ನಿನಗ ಕೇಳ್ತಿತ್ತಲ್ಲಪಾ?" ಅಂತ ಟೇಲರನ್ನು ಕೇಳಿದೆ.

ಅವನು ನೆಲ ನೋಡಿದ. "ಇಲ್ರಿ. ನೀವು ಅಷ್ಟು ಖುಷಿಲೆ ಐತಿ ಅಂದ್ರಿ. ಕರೆಂಟು ಹೋದ ಮ್ಯಾಲೂ ಐತಿ ಅಂದ್ರಿ. ನನ್ನ ಕಿವೀನ ಹೋಗ್ಯಾವು ಅಂತ ತಿಳಿದು, ಈಗ ಫೋನ್ ಮಾಡಿ ಕಿವಿ ಡಾಕ್ಟರ್ ಕಡೆ ನಂಬರ್ ಹಚ್ಚಿಸೀನ್ರಿ."

ಹೆಂಡತಿ ಚಾದ ಲೋಟ ನನ್ನ ಕೈಗಿಟ್ಟಳು. ಆಮೇಲೆ ನನಗೂ ಕೇಳುವ ಹಾಗೆ ಜೋರಾಗಿ ಅವನಿಗೆ ಹೇಳಿದಳು:

"ಆ ನಂಬರ್ ಇವ್ರ ಹೆಸರಿಗೆ ಮಾಡ್ಸು, ತಮ್ಮಾ. ಎರಡು ವರ್ಷದಿಂದ ನಾನು ಹೇಳಾಕತ್ತೀನಿ, ಇವ್ರಿಗೆ ಕೇಳವಲ್ದು."