ಮಾವನ ಭುಜದ ಮೇಲಿನ ಕೈ

ಮಾವನವರ ಭಾವಚಿತ್ರವನ್ನು ನಾನೇ ತಯಾರಿಸುತ್ತೇನೆ ಎಂದು ನಾನು ಘೋಷಿಸಿದಾಗ ನನ್ನ ಹೆಂಡತಿ ಮಿರಿಯಾಮಾ ಕೂಮರಾ ಗೆಣಸಿನ ಸಿಪ್ಪೆ ಹೆರೆಯುತ್ತಿದ್ದಳು. ಚಾಕು ಅಲ್ಲೇ ನಿಂತಿತು.

"ಅಂಗಡಿಗೆ ಕೊಡೋಣ ರೀ."

"ಅಂಗಡಿಗೆ? ಈ ತಾಮಾತಿ ಬದುಕಿರುವಾಗ? ಗಿಸ್ಬರ್ನ್ ಪೇಟೆಯ ಲೈಬ್ರರಿಯಲ್ಲಿ ಮೂರು ಮಂಗಳವಾರ ಫೋಟೋ ತಿದ್ದೋ ಪಾಠ ಕಲಿತು ಬಂದವನು ಈ ಮನೇಲೇ ಇದಾನೆ!"

"ಅದು ನಾಲ್ಕು ಮಂಗಳವಾರ ಇತ್ತಲ್ಲ?"

"ನಾಲ್ಕನೇದರ ಅಗತ್ಯ ನನಗೆ ಕಾಣಲಿಲ್ಲ."

ಮಾವ ಹೋಹೇಪಾ ತೀರಿಕೊಂಡು ವರ್ಷವಾಗಿತ್ತು. ಬರುವ ಶನಿವಾರ ಸಮಾಧಿಕಲ್ಲಿನ ಮುಸುಕು ತೆಗೆದು, ಅದೇ ದಿನ ಅವರ ಚಿತ್ರವನ್ನು ನಮ್ಮ ಕುಲದವರೆಲ್ಲ ಕೂಡುವ ಮರಾಯೆಯ ಸಭಾಮನೆಯಲ್ಲಿ ಹಿರಿಯರ ಗೋಡೆಗೆ ಏರಿಸಬೇಕು. ಆ ಗೋಡೆ ಎಂದರೆ ಸಾಮಾನ್ಯವೇ! ನಾಲ್ಕು ತಲೆಮಾರು ಕಪ್ಪು ಬಿಳುಪಿನಲ್ಲಿ ಸಾಲಾಗಿ ಕುಳಿತು ನಮ್ಮನ್ನು ನೋಡುತ್ತದೆ. ಅಳಿಯಂದಿರನ್ನು ತುಸು ಹೆಚ್ಚೇ ನೋಡುತ್ತದೆ. ಅಪ್ಪ ಅಲ್ಲಿ ಲಕ್ಷಣವಾಗಿ ಕಾಣಬೇಕು ಎಂದು ಮಿರಿಯಾಮಾ ವರ್ಷವಿಡೀ ಹೇಳುತ್ತಲೇ ಇದ್ದಳು. ಅವಳಿಗಿದ್ದದ್ದು ಅದೊಂದೇ ಆಸೆ.

ಆದರೆ ಮಾವನ ಫೋಟೋಗಳೋ! ಒಂದರಲ್ಲಿ ಮುಖ ಮುಚ್ಚುವ ಟೋಪಿ, ಇನ್ನೊಂದರಲ್ಲಿ ಮುಖಕ್ಕಿಂತ ದೊಡ್ಡ ಮೀನು, ಉಳಿದವುಗಳಲ್ಲಿ ಪಕ್ಕಕ್ಕೆ ಯಾರೋ ನೆಂಟರು. ಟೋಪಿಯನ್ನು ಸಹಿಸಬಹುದು, ಮೀನನ್ನೂ ಸಹಿಸಬಹುದು. ಬದುಕಿರುವ ನೆಂಟರನ್ನು ಮಾತ್ರ ಸತ್ತವರ ಗೋಡೆಗೆ ಏರಿಸುವಂತಿಲ್ಲ. ಹಾಗೆ ಮಾಡಿದರೆ ಅವರನ್ನು ನಾವೇ ಕೈಯಾರೆ ಸಾವಿನ ಮನೆಗೆ ಕಳಿಸಿದಂತೆ!

ಕೊನೆಗೆ ಮಾವನ ತಂಗಿ ಹಾರಿಯಾತಾ ಅತ್ತೆಯ ಆಲ್ಬಮ್ಮಿನಲ್ಲಿ ಒಂದು ಸಿಕ್ಕಿತು. ಬೆಂಕಿಪೊಟ್ಟಣದಷ್ಟು ಪುಟ್ಟ ಚಿತ್ರ. ಇಪ್ಪತ್ತರ ಹರೆಯದ ಮಾವ, ಕಪ್ಪು ಕೋಟು, ಹಿಂದೆ ಪರದೆ, ನಗು ತಡೆದುಕೊಂಡ ಮುಖ. ಆಹಾ! ಸ್ಕ್ಯಾನ್ ಮಾಡಿದೆ, ಅಂಚು ಕತ್ತರಿಸಿದೆ, ಕಲೆ ಒರೆಸಿದೆ, ಗೋಡೆಯ ಅಳತೆಗೆ ಹಿಗ್ಗಿಸಿ ಮುದ್ರಿಸಿದೆ. ಮಿರಿಯಾಮಾ ಕನ್ನಡಕ ಹಾಕಿಕೊಂಡು ನೋಡಿದಳು. ಅವಳ ಕಣ್ಣು ತುಂಬಿ ಬಂತು. ಆಮೇಲೆ ಅದೇ ಕಣ್ಣು ಕಿರಿದಾಯಿತು.

"ರೀ, ಅಪ್ಪನ ಭುಜದ ಮೇಲೆ ಇದು ಯಾರ ಕೈ?"

ನೋಡಿದೆ. ಪರದೆಯ ಕಡೆಯಿಂದ ಒಂದು ಕೈ ಬಂದು ಎಡಭುಜವನ್ನು ಹಿಡಿದಿದೆ! ಪುಟ್ಟ ಚಿತ್ರದಲ್ಲಿ ಅದು ಕೋಟಿನ ಸುಕ್ಕಿನಂತೆ ಕಂಡಿತ್ತು.

"ಹಾರಿಯಾತಾ ಅತ್ತೇದೇ ಇರಬೇಕು," ಎಂದಳು. "ಅಣ್ಣನ ಪಕ್ಕ ಬಿಟ್ಟು ಅವರು ಇನ್ನೆಲ್ಲಿ ನಿಲ್ತಿದ್ರು? ದೇವರೇ! ಎಂಬತ್ನಾಲ್ಕಾದ್ರೂ ಟ್ರ್ಯಾಕ್ಟರ್ ಓಡಿಸೋ ಹೆಂಗಸು. ಅವರ ಕೈಯನ್ನ ಆ ಗೋಡೆಗೆ ಹಾಕ್ತೀರಾ? ಒಂದು ಫೋನ್ ಮಾಡಿ ಕೇಳಿ."

"ಏನಂತ ಕೇಳಲಿ? 'ಅತ್ತೆ, ಈ ಕೈ ನಿಮ್ಮದಾ, ಸತ್ತವರ ಜೊತೆ ತೂಗುಹಾಕ್ತಾ ಇದೀವಿ' ಅಂತನಾ? ಟ್ರ್ಯಾಕ್ಟರ್ ನನ್ನ ಮೇಲೇ ಹತ್ತಿಸ್ತಾರೆ! ಕೈ ತಾನೇ? ತೆಗೆದುಹಾಕ್ತೀನಿ ಬಿಡು."

ಮೊದಲು ಎಡಗಡೆಯಿಂದ ಕತ್ತರಿಸಿದೆ. ಕೈ ಹೋಯಿತು.

"ಅಪ್ಪನ ಕಿವಿ ಎಲ್ಲಿ?"

"ಒಂದು ಇದೆಯಲ್ಲೇ!"

ಬೈಸಿಕೊಂಡು, ಕೆಳಗಿನಿಂದ ಕತ್ತರಿಸಿದೆ. ಈಗ ಕಿವಿ ಎರಡೂ ಇದ್ದವು, ಭುಜ ಎರಡೂ ಇರಲಿಲ್ಲ. ಬರೀ ತಲೆ, ತಟ್ಟೆಯ ಮೇಲೆ ಬಡಿಸಿಟ್ಟ ಹಾಗೆ! ಇದನ್ನು ನಾನು ಬಾಯಿಬಿಟ್ಟು ಹೇಳಿಯೂಬಿಟ್ಟೆ. ನಮ್ಮಲ್ಲಿ ತಲೆ ಎಂದರೆ ಪವಿತ್ರ; ಅದರ ಹತ್ತಿರ ಊಟದ ಮಾತೆತ್ತುವುದೇ ಅಪರಾಧ. ಮಿರಿಯಾಮಾ ಅರ್ಧ ದಿನ ಮಾತು ಬಿಟ್ಟಳು. ಕೆಲಸ ಆ ಅರ್ಧ ದಿನ ಬಹಳ ಚುರುಕಾಗಿ ಸಾಗಿತು.

ಮೂರನೆಯ ಸಲ ಕೋಟಿನ ಕಪ್ಪು ಬಣ್ಣ ತೆಗೆದು ಕೈಯ ಮೇಲೆ ಬಳಿದೆ. ಬಳಿದಷ್ಟೂ ಭುಜ ಉಬ್ಬಿ, ಮಾವನವರು ಕುರಿಮರಿ ಹೊತ್ತು ಬಂದವರಂತಾದರು. ಒಂದು ಬೆರಳು ಬೇರೆ ಹಟ ಹಿಡಿದು ಉಳಿದುಕೊಂಡಿತ್ತು! ನಾಲ್ಕನೆಯ ಸಲ ಮಿಂಚಿನಂಥ ಉಪಾಯ ಹೊಳೆಯಿತು. ಬಲಭುಜವನ್ನೇ ನಕಲು ಮಾಡಿ, ಮಗುಚಿ, ಎಡಕ್ಕೆ ಅಂಟಿಸಿದೆ. ಭಲೇ ತಾಮಾತಿ! ಕೈ ಮಂಗಮಾಯ! ಯಾವ ಅಂಗಡಿಯವನಿಗೆ ಬಂದೀತು ಈ ಬುದ್ಧಿ? ಮಿರಿಯಾಮಾ ಕೂಡ "ಪರವಾಗಿಲ್ಲ" ಎಂದಳು. ಅವಳ ಬಾಯಲ್ಲಿ ಅದು ಬಿರುದು.

ಶುಕ್ರವಾರ ಮಧ್ಯಾಹ್ನ ಹಾರಿಯಾತಾ ಅತ್ತೆ ಬಂದರು. ನಾಳೆ ಚಿತ್ರವನ್ನು ಎದೆಗವಚಿಕೊಂಡು ಸಮಾಧಿಗೆ ನಡೆಯುವವರು ಅವರೇ. ನಾನು ಎದೆಯುಬ್ಬಿಸಿ ಫ್ರೇಮನ್ನು ಅವರ ಮಡಿಲಿಗಿಟ್ಟೆ. ಅತ್ತೆ ಶಾಲಿನ ಅಂಚಿನಿಂದ ಗಾಜು ಒರೆಸಿದರು. ಮತ್ತೆ ಒರೆಸಿದರು. ಎಡಭುಜದ ಮೇಲೆ ಬೆರಳಾಡಿಸಿ ಏನನ್ನೋ ಹುಡುಕಿದರು.

"ಕೈ ಎಲ್ಲಿ?"

"ತೆಗೆದುಬಿಟ್ಟೆ ಅತ್ತೆ!" ಎಂದೆ ಹೆಮ್ಮೆಯಿಂದ. "ನೀವು ನೂರು ವರ್ಷ ಬಾಳಬೇಕಲ್ಲ!"

"ಅದು ನನ್ನ ಕೈ ಅಂತ ನಿನಗ್ಯಾರು ಹೇಳಿದ್ದು?"

ನಾನು ಮಿರಿಯಾಮಾಳ ಮುಖ ನೋಡಿದೆ. ಮಿರಿಯಾಮಾ ಕಿಟಕಿಯಾಚೆ ನೋಡಿದಳು.

"ಅದು ನಮ್ಮಮ್ಮನ ಕೈ," ಎಂದರು ಅತ್ತೆ. "ಕ್ಯಾಮೆರಾ ಕಂಡ್ರೆ ಓಡೋಳು. ಅವತ್ತು ಫೋಟೋದವನು ಬಂದಾಗ್ಲೂ ಪರದೆ ಹಿಂದೆ ಬಚ್ಚಿಟ್ಕೊಂಡ್ಲು. ಇವನು ನಕ್ಕೂ ನಕ್ಕೂ ಅಲ್ಲಾಡ್ತಿದ್ದ. 'ನೆಟ್ಟಗೆ ಕೂತ್ಕೊಳೋ' ಅಂತ ಅಲ್ಲಿಂದಲೇ ಕೈ ಚಾಚಿ ಭುಜ ಅದುಮಿದ್ಲು. ಮಿರಿಯಾಮಾ ಹುಟ್ಟೋಕೆ ಮುಂಚೇನೇ ಹೋಗ್ಬಿಟ್ಲು. ಅವಳದು ಅಂತ ಈ ಭೂಮಿ ಮೇಲೆ ಉಳಿದಿರೋದು ಅದೊಂದು ಕೈ, ಅಷ್ಟೇ. ಅಣ್ಣನ ಜೊತೆ ಅಮ್ಮನೂ ಗೋಡೆ ಏರ್ತಾಳೆ ಅಂತ ನಾನು ವರ್ಷದಿಂದ ಕಾಯ್ತಿದ್ದೆ, ಅಳಿಯಾ."

ಒಬ್ಬ ಬದುಕಿರುವವರನ್ನು ಉಳಿಸಲು ಹೊರಟು, ಅರವತ್ತು ವರ್ಷದ ಹಿಂದೆ ತೀರಿಕೊಂಡ ಅಜ್ಜಿಯನ್ನು ಇನ್ನೊಮ್ಮೆ ಸಾಯಿಸಿದ್ದೆ!

"ಮೂಲ ಫೋಟೋ ಎಲ್ರೀ?" ಮಿರಿಯಾಮಾ ಆಲ್ಬಮ್ ಎಳೆದುಕೊಂಡಳು.

ಕಂಪ್ಯೂಟರಿನ ಪ್ರತಿಯಲ್ಲಿ ಹೊಸ ಭುಜವನ್ನೇ ಉಳಿಸಿಬಿಟ್ಟಿದ್ದೆ, ಕೈ ಇದ್ದ ಮೊದಲ ಮುದ್ರಣವನ್ನು ಹರಿದೆಸೆದಿದ್ದೆ. ಆಲ್ಬಮ್ಮಿನಲ್ಲಿ ಇಲ್ಲ. ಮೇಜಿನ ಮೇಲೆ ಇಲ್ಲ. ನನ್ನ ಜೇಬಿನಲ್ಲಿ ಇಲ್ಲ. ಕಸದ ಬುಟ್ಟಿಯನ್ನು ನೆಲಕ್ಕೆ ಸುರುವಿ ಮೊಣಕಾಲೂರಿ ಹುಡುಕಿದೆ. ಅತ್ತೆ ಆ ಖಾಲಿ ಭುಜದ ಮೇಲೆ ಬೆರಳಾಡಿಸುತ್ತಲೇ ಇದ್ದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಕೊನೆಗೆ ಮಿರಿಯಾಮಾ ಸ್ಕ್ಯಾನರಿನ ಮುಚ್ಚಳ ಎತ್ತಿದಳು. ಅಲ್ಲೇ ಗಾಜಿನ ಮೇಲೆ ಬೋರಲಾಗಿ ಮಲಗಿತ್ತು! ನಾನು ಆ ಸ್ಕ್ಯಾನರಿಗೆ ಮುತ್ತಿಡುವುದೊಂದು ಬಾಕಿ.

ಮೂವರೂ ಕಾರು ಹತ್ತಿ ಪೇಟೆಯ ಅಂಗಡಿಗೆ ಓಡಿದೆವು. ಅತ್ತೆಯನ್ನು ಬಾಗಿಲಲ್ಲೇ ಇಳಿಸಿ, ಕಾರಿಗೆ ಜಾಗ ಹುಡುಕಿ ನಿಲ್ಲಿಸಿ ನಾವಿಬ್ಬರೂ ಒಳಗೆ ಹೋದೆವು. ಕೌಂಟರಿನ ಹುಡುಗಿ ಫೋಟೋ ಹಿಡಿದು ನೋಡಿ, "ಈ ಕೈ ಅಡ್ಡ ಬಂದಿದೆ, ತೆಗೆದುಬಿಡ್ಲಾ?" ಎಂದಳು.

"ಬೇಡ!" ಎಂದು ಮೂವರೂ ಕಿರುಚಿದ್ದಕ್ಕೆ ಅವಳು ಪೆನ್ನು ಕೆಳಗೆ ಬೀಳಿಸಿದಳು. ಕಾಲು ಗಂಟೆಯಲ್ಲಿ ಚಿತ್ರ ತಯಾರಾಯಿತು.

ಶನಿವಾರ ಮಾವನವರು ಗೋಡೆ ಏರಿದರು, ಭುಜದ ಮೇಲೆ ಅಮ್ಮನ ಕೈ ಸಮೇತ. ಮುದುಕಿಯರು ಒಬ್ಬೊಬ್ಬರಾಗಿ ಬಂದು ಆ ಕೈಯನ್ನು ಮುಟ್ಟಿ ಅತ್ತರು. ಮಿರಿಯಾಮಾ ಅತ್ತಳು. ನಾನೂ ಅತ್ತುಬಿಟ್ಟೆ, ಸುಳ್ಳೇಕೆ ಹೇಳಲಿ. ಗುಂಡಿಯಲ್ಲಿ ಬೆಂದ ಹಾಂಗಿ ಊಟ ಮುಗಿದ ಮೇಲೆ ಅತ್ತೆ ನನ್ನನ್ನು ತಮ್ಮ ಕಾರಿನ ಬಳಿ ಕರೆದರು. ಸೀಟಿನ ಮೇಲೆ ಹೊದಿಕೆ ಸುತ್ತಿದ ಫ್ರೇಮು. ಬಿಚ್ಚಿದರೆ ಸಾಕ್ಷಾತ್ ಅತ್ತೆ! ಕಪ್ಪು ಬಿಳುಪಿನಲ್ಲಿ, ಗೋಡೆಯ ಅಳತೆಗೆ ಸರಿಯಾಗಿ.

"ನಿನ್ನೆ ನೀವು ಕಾರು ನಿಲ್ಲಿಸೋಕೆ ಜಾಗ ಹುಡುಕ್ತಿದ್ರಲ್ಲ, ಆಗ್ಲೇ ಆ ಹುಡುಗಿ ಹತ್ರ ತೆಗೆಸಿದೆ, ಇವತ್ತು ಬೆಳಿಗ್ಗೆ ಹೋಗಿ ತಗೊಂಡ್ ಬಂದೆ," ಎಂದರು. "ನನ್ನ ಸರದಿ ಬಂದಾಗ ಬೇಕಲ್ಲ."

"ಅತ್ತೇ, ಅದಕ್ಕಿನ್ನೂ ಬೇಕಾದಷ್ಟು ವರ್ಷ ಇದೆ! ಈಗಲೇ ಯಾಕೆ ಇಷ್ಟು ಅವಸರ?"

"ಹಿಂದೆ ತಿರುಗಿಸಿ ನೋಡಿ, ಅಳಿಯಂದ್ರೇ."

ತಿರುಗಿಸಿದೆ. ದಪ್ಪ ಅಕ್ಷರದಲ್ಲಿ ಬರೆದಿತ್ತು: 'ಎರಡು ಕಿವಿ, ಎರಡು ಕೈ, ಒಂದು ತಲೆ. ಎಲ್ಲ ಎಣಿಸಿ ಇಟ್ಟಿದ್ದೇನೆ. ತಾಮಾತಿ ಮುಟ್ಟಕೂಡದು.'