ಬಂಗಾರಪೇಟೆಯ ಎರಡು ಬಂದರುಗಳು

ಬಂಗಾರಪೇಟೆಯಲ್ಲಿ ಬಂದರು ಇತ್ತೆಂದರೆ ನೀವು ನಂಬುವುದಿಲ್ಲ. ಒಂದಲ್ಲ, ಎರಡಿದ್ದವು! ನಮ್ಮ ಚಿಕ್ಕಪ್ಪನನ್ನು ಕೇಳಿದ್ದರೆ ಕೈಹಿಡಿದು ತೋರಿಸುತ್ತಿದ್ದರು.

ಚಿಕ್ಕಪ್ಪ ಜಟಕಾ ಹೊಡೆಯುತ್ತಿದ್ದರು. ಒಮ್ಮೆ ಮದ್ರಾಸಿಗೆ ಹೋಗಿ ಹಡಗು ನೋಡಿ ಬಂದದ್ದೇ ಬಂದದ್ದು, ಮದ್ರಾಸ್ ರೈಲು ಹಡಗಾಯಿತು, ಕೋಲಾರದ ಪುಟ್ಟ ರೈಲು ದೋಣಿಯಾಯಿತು, ಜಟಕಾ ನಿಲ್ಲುವ ಜಾಗ ಬಂದರಾಯಿತು. ಸ್ಟೇಷನ್ ಮುಂದಿನ ಬಂದರು ಇವರದು, ಬಸ್ ಸ್ಟ್ಯಾಂಡಿನದು ಚಿಕ್ಕಮ್ಮನ ಅಣ್ಣನದು, ಅವರೂ ಜಟಕಾದವರೇ. ಬೂದಿಕೋಟೆಗೆ ಹೊರಟ ಮದುವೆ ದಿಬ್ಬಣವೊಂದಕ್ಕಾಗಿ ಇಬ್ಬರೂ ಚಾವಟಿ ಎತ್ತಿದರು, ಮಾತು ನಿಂತಿತು. ಅದರ ಜೊತೆಗೆ ಗೌರಿ ಹಬ್ಬಕ್ಕೆ ಅಣ್ಣ ತರುವ ಬಾಗಿನವೂ ನಿಂತಿತು. ಪ್ರತಿ ವರ್ಷ ಹಬ್ಬದ ದಿನ ಚಿಕ್ಕಮ್ಮ ಬಾಗಿಲಲ್ಲೇ ಕೂತು ಹೂ ಕಟ್ಟುವರು, ಕಣ್ಣು ಮಾತ್ರ ರಸ್ತೆಯ ಮೇಲೆ.

ಎಲ್ಲೋ ಅಕ್ಕಪಕ್ಕದ ಬಂದರುಗಳನ್ನೆಲ್ಲ ಒಂದೇ ಮಂಡಳಿಗೆ ಸೇರಿಸುತ್ತಾರೆಂದು ಪೇಪರಿನಲ್ಲಿ ಬಂತು. ಚಿಕ್ಕಪ್ಪ ನನ್ನ ಹುಣಸೆಹಣ್ಣಿನ ಮಂಡಿಗೆ ಓಡಿ ಬಂದರು.

"ನಾವೂ ಸೇರ್‍ಸ್ಬುಡಾನ ಕಣ್ಲಾ. ಎಲ್ಡು ಬಂದ್ರು, ಒಂದೇ ಮಂಡ್ಲಿ. ನಾನೇ ಅಧ್ಯಕ್ಷ."

"ಕುದ್ರೆ ಕಾರ್ಯದರ್ಶಿನಾ ಚಿಕ್ಕಪ್ಪ?"

"ಕುದ್ರೆ ಒಪ್ಕಂಡೈತೆ. ನಿಮ್ ಚಿಕ್ಕಮ್ಮನ ಅಣ್ಣನ್ನ ಒಪ್ಪುಸ್ಬೇಕು, ಅಷ್ಟೆ."

ಬರಿಗೈಯಲ್ಲಿ ಮಂಡಿ ಕಟ್ಟಿದವನು ನಾನು, ಸಲಹೆ ಕೊಡದೆ ಬಿಡುತ್ತೇನೆಯೇ? ಬೇಕಾದ್ದನ್ನು ಮೊದಲೇ ಕೇಳಬಾರದು. ಕುದುರೆಗೆಂದು ಅವರ ಬಸ್ ಸ್ಟ್ಯಾಂಡಿನ ನೀರಿನ ತೊಟ್ಟಿ ಕೇಳಿ, ನೆರಳಿನ ಜಾಗ ಕೇಳಿ, ಕೊನೆಗೆ ಎರಡನ್ನೂ ಬಿಟ್ಟುಕೊಟ್ಟ ಹಾಗೆ ಮಾಡಿ ಅಧ್ಯಕ್ಷಗಿರಿ ಹೊಡೆಯಿರಿ ಎಂದೆ. ನೀವೂ ನೆನಪಿಟ್ಟುಕೊಳ್ಳಿ, ಸೈಟು ಕೊಳ್ಳುವಾಗ ಬೇಕಾಗುತ್ತದೆ.

ಹಬ್ಬದ ಹಿಂದಿನ ವಾರ ಟೀ ಅಂಗಡಿಯಲ್ಲಿ ಸಂಧಾನ. ಚಿಕ್ಕಪ್ಪ ಹಡಗಿನ ಕ್ಯಾಪ್ಟನ್ನಿನ ಹಾಗೆ ಬಿಳಿ ಟೋಪಿ ಹಾಕಿಕೊಂಡು ಬಂದರು.

"ಇದೇನ್ ಬಾವ, ಬ್ಯಾಂಡ್ ಸೆಟ್ಟಿಗೆ ಸೇರ್ಕಂಡ್ರಾ?" ಎಂದರು ಚಿಕ್ಕಮ್ಮನ ಅಣ್ಣ.

ತೊಟ್ಟಿ ಸಿಕ್ಕಿತು. ನೆರಳೂ ಸಿಕ್ಕಿತು. ನನಗೋ ಸಂಭ್ರಮ! ಆಗ ಚಿಕ್ಕಮ್ಮನ ಅಣ್ಣ ಲೋಟ ಕೆಳಗಿಟ್ಟು, "ಅಧ್ಯಕ್ಷ ಯಾರು?" ಎಂದರು.

ಈಗ ಬಿಡಬೇಡಿ ಎಂದು ಮೇಜಿನಡಿ ಚಿಕ್ಕಪ್ಪನ ಕಾಲು ಒತ್ತಿದೆ. ಅವರು ಕಾಲು ಎಳೆದುಕೊಂಡು, ಟೋಪಿ ತೆಗೆದು ಚಿಕ್ಕಮ್ಮನ ಅಣ್ಣನ ಮುಂದಿಟ್ಟರು.

"ನೀವೇ ಆಗಿ. ತೊಟ್ಟಿನೂ ಇಟ್ಕಳಿ, ನೆಳ್ಳೂ ಇಟ್ಕಳಿ. ಈ ಸಲ ಅಬ್ಬಕ್ಕೆ ಮನೆಗಂಟ ಬನ್ನಿ. ಅವ್ಳು ಬಾಗ್ಲು ಬುಟ್ಟು ಏಳಾಕಿಲ್ಲ."

ಇಂಥ ಕೆಟ್ಟ ವ್ಯಾಪಾರವನ್ನು ನಾನು ಜನ್ಮದಲ್ಲಿ ಕಂಡಿಲ್ಲ. ಇನ್ನೂ ತಿದ್ದಬಹುದೇನೋ ಎಂದು ಬಾಯಿ ತೆರೆಯುವಷ್ಟರಲ್ಲಿ ಚಿಕ್ಕಮ್ಮನ ಅಣ್ಣ ತಲೆ ತಗ್ಗಿಸಿ ಕೇಳಿದರು:

"ಬಾಗಿನಕ್ಕೆ ಬಳೆ ಇಡ್ಬೇಕಲ್ಲ. ಅವಳ ಕೈ ಅಳ್ತೆ ಮರ್ತೋಗೈತೆ. ಈಗೆಷ್ಟು?"

ಚಿಕ್ಕಪ್ಪ ಹೆಬ್ಬೆರಳು, ತೋರುಬೆರಳು ಕೂಡಿಸಿ ಬಳೆಯ ಹಾಗೆ ಹಿಡಿದು ತೋರಿಸಿದರು.

ಅಣ್ಣ ಅದನ್ನೇ ಬಹಳ ಹೊತ್ತು ನೋಡಿದರು. "ಇಳ್ದೋಗವ್ಳೆ" ಎಂದರು.