ಇನ್ನೊಂದು ಸುತ್ತು

ಕೆಲವರಿಗೆ ಎಷ್ಟು ತಿಂದರೂ ಸಾಲದು, ಕೆಲವರಿಗೆ ಎಷ್ಟು ಮಾತಾಡಿದರೂ ಸಾಲದು. ನನಗೆ ಎಷ್ಟು ಬಿಗಿ ಮಾಡಿದರೂ ಸಾಲದು. ಉಪ್ಪಿನಕಾಯಿ ಜಾಡಿಯ ಮುಚ್ಚಳವಿರಲಿ, ಬಚ್ಚಲಿನ ನಲ್ಲಿಯಿರಲಿ, ಸರಿಯಾಗಿ ಕೂತ ಮೇಲೂ ಇನ್ನೊಂದು ಸುತ್ತು ತಿರುಗಿಸದಿದ್ದರೆ ಸಮಾಧಾನವಿಲ್ಲ. ನಮ್ಮ ಯಜಮಾನರು ಒಮ್ಮೆ ನಾನಿಲ್ಲದಾಗ ಉಪ್ಪಿನಕಾಯಿ ತಿನ್ನುವ ಆಸೆಯಿಂದ ಜಾಡಿಯ ಮುಚ್ಚಳವನ್ನು ಬಾಗಿಲ ಸಂದಿಗೆ ಸಿಕ್ಕಿಸಿ ತಿರುಗಿಸಿದರಂತೆ. ಬಾಗಿಲಿನ ಚಿಲಕ ಕಿತ್ತು ಬಂತೇ ಹೊರತು ಮುಚ್ಚಳ ಅಲ್ಲಾಡಲಿಲ್ಲ. ಚಿಲಕವನ್ನು ಮತ್ತೆ ಕೂರಿಸಿದವಳೂ ನಾನೇ. ಈಗ ಬಾಗಿಲು ಕಿತ್ತರೂ ಚಿಲಕ ಬರುವುದಿಲ್ಲ. ಇದನ್ನೆಲ್ಲ ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದೆ. ಸ್ಕೂಟರಿನ ವಿಷಯ ಆದ ಮೇಲೆ ನಿಲ್ಲಿಸಿದ್ದೇನೆ.

ನಾನು ಕೊಪ್ಪದಲ್ಲಿದ್ದು, ದಿನಾ ಹರಿಹರಪುರದ ಕಡೆ ಸ್ಕೂಟರಿನಲ್ಲಿ ಹೋಗಿ ಮಕ್ಕಳಿಗೆ ವಿಜ್ಞಾನ ಪಾಠ ಮಾಡುವವಳು. ನನ್ನ ಸ್ಕೂಟರನ್ನಷ್ಟೇ ಅಲ್ಲ, ನಮ್ಮ ಶಾಲೆಯವರ ಎಲ್ಲ ಗಾಡಿಗಳನ್ನೂ ನೋಡಿಕೊಳ್ಳುತ್ತಿದ್ದವನು ಕೊಪ್ಪದ ಉಮೇಶ. ಒಬ್ಬನೇ ಕೂತು ಕೆಲಸ ಮಾಡುವ ಮೆಕ್ಯಾನಿಕ್ಕು, ಮಾತು ಕಡಿಮೆ. ಒಂದು ಶನಿವಾರ ಅವನು ಮುಂದಿನ ಚಕ್ರದ ಬ್ರೇಕ್ ಪ್ಯಾಡ್ ಬದಲಿಸಿಕೊಟ್ಟ. ಭಾನುವಾರ ಬೆಳಿಗ್ಗೆ ನನಗೆ ಸಂಶಯ ಶುರುವಾಯಿತು. ಬ್ರೇಕನ್ನು ಹಿಡಿದಿರುವ ಆ ಎರಡು ಬೋಲ್ಟುಗಳನ್ನು ಅವನು ಸಾಕಷ್ಟು ಬಿಗಿ ಮಾಡಿದ್ದಾನೋ ಇಲ್ಲವೋ? ಸ್ಪ್ಯಾನರ್ ಹಾಕಿ ನೋಡಿದೆ. ಬಿಗಿಯಾಗಿಯೇ ಇತ್ತು. ಅಲ್ಲಿಗೆ ಎದ್ದು ಒಳಗೆ ಹೋಗಿ ದೋಸೆ ತಿನ್ನಬಹುದಿತ್ತು. ಹೋಗಲಿಲ್ಲ. ಇನ್ನೊಂದು ಸುತ್ತು ಕೊಟ್ಟೆ. ಬೋಲ್ಟ್ ಒಂದು ಕ್ಷಣ ತಡೆದುಕೊಂಡಿತು, ಆಮೇಲೆ ಸ್ಪ್ಯಾನರ್ ಬೆಣ್ಣೆಯಲ್ಲಿ ತಿರುಗಿದಂತೆ ಮೆತ್ತಗೆ ತಿರುಗತೊಡಗಿತು. ಥ್ರೆಡ್ ಹೋಗಿತ್ತು. ಬಿಚ್ಚಿ ನೋಡಿದರೆ, ತೂತಿನೊಳಗೆ ಬೋಲ್ಟ್ ಕಚ್ಚಿಕೊಳ್ಳುವ ಗೆರೆಗಳೆಲ್ಲ ಸವೆದು, ಪುಡಿಯಾಗಿ ನನ್ನ ಅಂಗೈಗೆ ಬಂದಿದ್ದವು.

ನನ್ನ ತವರು ಮೇಗುಂದದ ಕಡೆ. ತೋಟದ ಸ್ಪ್ರಿಂಕ್ಲರ್ ಪೈಪು ಎಲ್ಲಿ ಸಡಿಲವಾದರೂ ಅಪ್ಪಯ್ಯ ನನ್ನನ್ನು ಕರೆಯುತ್ತಿದ್ದರು. ಬಿಳಿ ಟೇಪನ್ನು ಹತ್ತು ಸುತ್ತು ಸುತ್ತಿ ತಿರುಪಿದರೆ ಹನಿ ನೀರು ಆಚೆ ಬರುತ್ತಿರಲಿಲ್ಲ. ಆ ವಿದ್ಯೆ ಅವತ್ತು ನೆನಪಾಗಬಾರದಿತ್ತು. ನೆನಪಾಯಿತು. ಬೋಲ್ಟಿಗೆ ಟೇಪ್ ಸುತ್ತಿದೆ, ತಿರುಪಿದೆ, ಗಟ್ಟಿಯಾಗಿ ಕೂತಿತು. ಬಲ, ಘರ್ಷಣೆ ಎಂದು ಮಕ್ಕಳಿಗೆ ಪಾಠ ಮಾಡುವ ನಾನು ಬ್ರೇಕನ್ನು ಪ್ಲಾಸ್ಟಿಕ್ಕಿನ ಟೇಪಿನ ಮೇಲೆ ನಿಲ್ಲಿಸಿ, ಎರಡು ವಾರ ನಿಶ್ಚಿಂತೆಯಿಂದ ಓಡಾಡಿದೆ.

ಮೂರನೆಯ ವಾರ ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ಮುಂದಿನ ಚಕ್ರದಲ್ಲಿ ಕಟಕಟ ಶಬ್ದ. ಹಿಂದೆ ಕೂತಿದ್ದ ಯಜಮಾನರು, "ಎಂತದು ಮಾರಾಯ್ತಿ ಅದು?" ಎಂದು ನನ್ನ ಭುಜ ಹಿಡಿದುಕೊಂಡರು. ಹಿಂದಿನ ಬ್ರೇಕಿನಲ್ಲೇ ನಿಲ್ಲಿಸಿ ನೋಡಿದರೆ ಒಂದು ಬೋಲ್ಟ್ ಅರ್ಧ ಹೊರಗೆ ಬಂದಿತ್ತು. ಅದು ಬಿದ್ದಿದ್ದರೆ ನಾವಿಬ್ಬರೂ ರಸ್ತೆಯ ಮೇಲಿರುತ್ತಿದ್ದೆವು. ಹೆದರಿಕೆಗೋ ನಾಚಿಕೆಗೋ, ನನ್ನ ಬಾಯಿಂದ ಬಂದ ಮಾತು ಇದು: "ಉಮೇಶ ಸರಿಯಾಗಿ ಬಿಗಿ ಮಾಡ್ಲಿಲ್ಲ ಕಾಣ್ತದೆ."

ಗಾಡಿಯನ್ನು ನಿಧಾನವಾಗಿ ಮನೆಗೆ ತಂದು ಶೆಡ್ಡಿನಲ್ಲಿ ನಿಲ್ಲಿಸಿದೆ. ಯಾವ ಮುಖ ಇಟ್ಟುಕೊಂಡು ಉಮೇಶನ ಹತ್ತಿರ ಹೋಗುವುದು? ಒಂದು ತಿಂಗಳು ಬಸ್ಸಿನಲ್ಲೇ ಓಡಾಡಿದೆ. ಸ್ಟಾಫ್ ರೂಮಿನಲ್ಲಿ ಗಾಡಿಯೆಲ್ಲಿ ಎಂದು ಕೇಳಿದರು. ಅದೇ ಮಾತನ್ನು ಅಲ್ಲಿಯೂ ಹೇಳಿದೆ. ಮನೆಯಲ್ಲಿ ಒಂದು, ಶಾಲೆಯಲ್ಲಿ ಇನ್ನೊಂದು ಹೇಳಿದರೆ ಹೇಗೆ? ಕನ್ನಡದ ಸುಮಿತ್ರಾ ಟೀಚರ್ ಎದೆಯ ಮೇಲೆ ಕೈಯಿಟ್ಟುಕೊಂಡು, "ಅಯ್ಯೋ, ಜೀವಕ್ಕೇ ಸಂಚಕಾರ ತಂದಿದ್ನಲ್ರೀ" ಎಂದರು.

ಕೊನೆಗೊಂದು ದಿನ ಧೈರ್ಯ ಮಾಡಿ ಗಾಡಿಯನ್ನು ತಳ್ಳಿಕೊಂಡು ಹೋದೆ. ಉಮೇಶ ಬೋಲ್ಟ್ ಬಿಚ್ಚಿ, ತೂತಿನೊಳಗಿಂದ ಬಿಳಿ ಎಳೆಯೊಂದನ್ನು ಎಳೆದು ಹಿಡಿದ. "ಇದೆಂತದು ಟೀಚರ್, ಪೈಪಿಗೆ ಸುತ್ತೋ ಟೇಪು! ಯಾವ ಪುಣ್ಯಾತ್ಮನ ಹತ್ರ ಬಿಚ್ಚಿಸಿದ್ರಿ?"

"ನಾನೇ ಸುತ್ತಿದ್ದು ಮಾರಾಯ. ಥ್ರೆಡ್ ಹಾಳು ಮಾಡಿದ್ದೂ ನಾನೇ."

ಅವನು ಟೇಪನ್ನೂ ನನ್ನನ್ನೂ ನೋಡಿದ. "ನೀರು ಸೋರದ ಹಾಗೆ ಚಂದ ಮಾಡಿದ್ದೀರಿ. ಆದ್ರೆ ಇಲ್ಲಿ ನೀರೆಲ್ಲಿದೆ?"

ಬೈದಿದ್ದರೆ ಹಗುರವಾಗುತ್ತಿತ್ತು. ಅವನು ತೂತನ್ನು ಸ್ವಲ್ಪ ದೊಡ್ಡದು ಮಾಡಿದ, ಹೊಸದಾಗಿ ಗೆರೆ ಕೊರೆದ, ಸಣ್ಣ ಸ್ಪ್ರಿಂಗಿನಂಥ ಉಕ್ಕಿನ ಸುರುಳಿಯೊಂದನ್ನು ಒಳಗೆ ತಿರುಪಿ ಕೂರಿಸಿದ. ಹೊಸ ಬೋಲ್ಟ್ ಹಾಕಿ, ಸಾಕಷ್ಟು ಬಿಗಿಯಾದೊಡನೆ ಟಕ್ ಎಂದು ಶಬ್ದ ಮಾಡುವ ಸ್ಪ್ಯಾನರಿನಲ್ಲಿ ಬಿಗಿ ಮಾಡಿ, ಆ ಶಬ್ದ ಬಂದೊಡನೆ ಕೈ ತೆಗೆದ. "ಇದು ಅಲ್ಯೂಮಿನಿಯಂ, ಟೀಚರ್. ಬಿಗಿ ಆದ್ಮೇಲೆ ಬಿಟ್ಟುಬಿಡ್ಬೇಕು" ಎಂದ. ಅಂಗಡಿ ಖಾಲಿಯಿತ್ತು. ಏನಾದರೂ ಮಾತಾಡಬೇಕಲ್ಲ ಎಂದು, "ಎಂತ ಉಮೇಶ, ಗಾಡಿಗಳೇ ಇಲ್ಲ?" ಎಂದೆ.

"ನಿಮ್ಮ ಶಾಲೆಯೋರು ಯಾರೂ ಬರ್ತಿಲ್ಲ ಟೀಚರ್, ಒಂದು ತಿಂಗಳಾಯ್ತು. ನನ್ನಿಂದ ಎಂತಾದ್ರೂ ತಪ್ಪಾಗಿದ್ಯಾ ಅಂತ ಸ್ವಲ್ಪ ಕೇಳಿ ನೋಡ್ತೀರಾ?"

"ಕೇಳ್ತೇನೆ" ಎಂದೆ. ಅಷ್ಟು ಸಣ್ಣ ದನಿಯಲ್ಲಿ ನಾನು ಜೀವಮಾನದಲ್ಲಿ ಮಾತಾಡಿಲ್ಲ.

ಮರುದಿನ ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೂತಿದ್ದಾಗ ನಿಂತುಕೊಂಡೇ ಹೇಳಿದೆ. ಬೋಲ್ಟ್ ಹಾಳು ಮಾಡಿದವಳು ನಾನು, ಟೇಪ್ ಸುತ್ತಿದವಳು ನಾನು, ಉಮೇಶನದೇನೂ ತಪ್ಪಿಲ್ಲ, ನಾನು ಹೇಳಿದ್ದು ಸುಳ್ಳು. ಡ್ರಿಲ್ ಮಾಸ್ತರರು ನಕ್ಕರು. "ಮೇಡಂ, ಹೆಂಗಸರ ಕೈಯಲ್ಲಿ ಬೋಲ್ಟಿನ ಥ್ರೆಡ್ ಹೋಗ್ತದಾ? ಪಾಪ, ಅವ ನಿಮ್ಮ ಹತ್ರ ಬಂದು ಅತ್ತಿರ್ಬೇಕು." ಸುಮಿತ್ರಾ ಟೀಚರ್ ನನ್ನ ಕೈ ಹಿಡಿದು, "ಅವನ ತಪ್ಪನ್ನ ತಲೆ ಮೇಲೆ ಹಾಕ್ಕೊಳ್ತಿದ್ದೀರಲ್ಲ, ಎಂಥ ದೊಡ್ಡ ಮನಸ್ಸು ನಿಮ್ದು!" ಎಂದು ಕಣ್ಣೊರೆಸಿಕೊಂಡರು. ಅಲ್ಲ, ನಿಜವಾಗಿಯೂ ನಾನೇ ಎಂದೆ. ಅಂದಷ್ಟೂ ನನ್ನ ಮನಸ್ಸು ಅವರ ಕಣ್ಣಿಗೆ ಇನ್ನಷ್ಟು ದೊಡ್ಡದಾಯಿತು. ಉಮೇಶನ ಅಂಗಡಿಗೆ ಹೋಗುತ್ತೇನೆಂದು ಮಾತ್ರ ಒಬ್ಬರೂ ಹೇಳಲಿಲ್ಲ.

ನಾನು ಇನ್ನೂ ವಾದಿಸಬಹುದಿತ್ತು. ಡ್ರಿಲ್ ಮಾಸ್ತರರನ್ನು ಗಾಡಿಯ ಹತ್ತಿರ ಕರೆದುಕೊಂಡು ಹೋಗಿ, ಸ್ಪ್ಯಾನರ್ ಹಿಡಿದು ತೋರಿಸಬಹುದಿತ್ತು. ಆದರೆ ಅಷ್ಟು ಜನ ಅಷ್ಟು ಪ್ರೀತಿಯಿಂದ ನನ್ನನ್ನು ನೋಡಿದ್ದು ಅದೇ ಮೊದಲು. ಬೆಲ್ ಆಗುವ ಹೊತ್ತಾಯಿತು ಎಂದು ಸೀಮೆಸುಣ್ಣ ತೆಗೆದುಕೊಂಡು ಕ್ಲಾಸಿಗೆ ಹೊರಟುಬಿಟ್ಟೆ. ಬೆಲ್ಲಿಗೆ ಇನ್ನೂ ಹತ್ತು ನಿಮಿಷವಿತ್ತು.